ಒಂದನೇ ತರಗತಿಯ ಮೊದಲ ತಿಂಗಳು

(ವಲಯ ಮಟ್ಟದ ಸ್ವಸಹಾಯ ಸಂಘಗಳ ಒಕ್ಕೂಟ ಸಭೆಯಲ್ಲಿ ಮಾಡಿದ ಭಾಷಣ)



ಉಳಿತಾಯ, ಸಾಲ ವಸೂಲಿ, ಲೆಕ್ಕಪುಸ್ತಕ ಇವೆಲ್ಲಾ ಮುಗಿಸಿ ಈಗ ನಮ್ಮ ಮಕ್ಕಳ ವಿಷಯಕ್ಕೆ ಬಂದಿದ್ದೇವೆ. ನಮ್ಮ ರಾಜ್ಯದಲ್ಲಿ ಬೇಸಿಗೆ ರಜೆ ಮುಗಿದು ಮೇ ತಿಂಗಳ ಕೊನೆಗೆ ಸರಕಾರಿ ಶಾಲೆಗಳ ಬಾಗಿಲು ತೆರೆಯುತ್ತದೆ. ಅಂಗನವಾಡಿ ಮುಗಿಸಿದ ಪುಟ್ಟ ಮಕ್ಕಳು ಒಂದನೇ ತರಗತಿಗೆ ಕಾಲಿಡುತ್ತಾರೆ. ಆ ಮಗುವಿನ ಮೊದಲ ತಿಂಗಳು ಹೇಗಿರಬೇಕು, ಅದರಲ್ಲಿ ತಾಯಂದಿರಾದ ನಮ್ಮ ಪಾಲೇನು, ಸಂಘದ ಪಾಲೇನು ಎಂಬುದನ್ನು ಮಾತ್ರ ಇಲ್ಲಿ ಹೇಳುತ್ತೇವೆ.

ಮೊದಲು ಒಂದು ಪ್ರಶ್ನೆ. ನಿಮ್ಮ ಸಂಘ ಶುರುವಾದಾಗ ಮೊದಲ ವಾರವೇ ಸಾಲ ಸಿಕ್ಕಿತೇ? ಇಲ್ಲ. ಮೊದಲು ವೃತ್ತಾಕಾರವಾಗಿ ಕೂರುವುದನ್ನು ಕಲಿತೆವು. ಹೆಸರು ಹೇಳಿ ಪರಿಚಯ ಮಾಡಿಕೊಂಡೆವು. ಹತ್ತು ರೂಪಾಯಿ, ಇಪ್ಪತ್ತು ರೂಪಾಯಿ ಕಟ್ಟುತ್ತಾ ಬಂದೆವು. ಹೆಬ್ಬೆಟ್ಟು ಒತ್ತುತ್ತಿದ್ದವರು ಸಹಿ ಕಲಿತರು. 1992ರಲ್ಲಿ ನಬಾರ್ಡ್ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮ ಆರಂಭಿಸಿತು. ಅದರಲ್ಲೂ ಹೊಸ ಸಂಘ ಆರು ತಿಂಗಳಾದರೂ ಸರಿಯಾಗಿ ನಡೆದ ಮೇಲೆಯೇ ಬ್ಯಾಂಕ್ ಸಾಲದ ಮಾತು. ದೊಡ್ಡವರಾದ ನಮಗೇ ಒಬ್ಬರನ್ನೊಬ್ಬರು ನಂಬಲಿಕ್ಕೆ ಆರು ತಿಂಗಳು ಬೇಕಾಯಿತು.

ಆದರೆ ನಮ್ಮ ಆರು ವರ್ಷದ ಮಗುವಿಗೆ ನಾವು ಎಷ್ಟು ಸಮಯ ಕೊಡ್ತೇವೆ? ಶಾಲೆಗೆ ಹೋದ ಮೂರನೇ ದಿನವೇ ಕೇಳ್ತೇವೆ, "ಏನು ಬರೆಸಿದ್ರು? ಅ ಆ ಬಂತಾ? ಬರೀ ಹಾಡು, ಆಟವಾ?" ಪಕ್ಕದ ಮನೆಯ ಮಗು ಬರೆಯೋದನ್ನು ತೋರಿಸಿ ಹೋಲಿಕೆ ಬೇರೆ ಮಾಡ್ತೇವೆ. ಇದು ಸರಿಯಲ್ಲ ಅಕ್ಕಂದಿರೇ. ಮೊದಲ ತಿಂಗಳಲ್ಲಿ ಮಗು ಕಲಿಯಬೇಕಾದ ದೊಡ್ಡ ಪಾಠ ಅಕ್ಷರವಲ್ಲ. "ಈ ಜಾಗ ನನ್ನದು, ಇಲ್ಲಿ ನನಗೆ ಹೆದರಿಕೆ ಇಲ್ಲ, ನನ್ನಿಂದ ಆಗುತ್ತದೆ" ಎಂಬುದೇ ಆ ಪಾಠ. ಇದು ಬಂದರೆ ಅಕ್ಷರ ತಾನಾಗಿ ಬರುತ್ತದೆ. ಇದು ಬರದಿದ್ದರೆ ಅಕ್ಷರ ಬಂದರೂ ಮಗು ಶಾಲೆಯಲ್ಲಿ ನಿಲ್ಲುವುದು ಕಷ್ಟ. ಏಳನೇ, ಎಂಟನೇ ತರಗತಿಯಲ್ಲಿ ಮಗು ಶಾಲೆ ಬಿಟ್ಟಾಗ ನಾವು ಅಳುತ್ತೇವೆ. ಎಷ್ಟೋ ಮನೆಗಳಲ್ಲಿ ಅದರ ಬೇರು ಒಂದನೇ ತರಗತಿಯಲ್ಲೇ ಇರುತ್ತದೆ.

ಶಾಲೆಯಲ್ಲಿ ಆಟ ಆಡಿಸುವುದು ಸೋಮಾರಿತನವಲ್ಲ. ಅದರ ಹಿಂದೆ ಯೋಚನೆ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರಪ್ರದೇಶದ ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ಯುನಿಸೆಫ್ ಸಹಕಾರದಿಂದ ನಮ್ಮ ಊರಿಗೆ ಹೊಂದುವ ಹಾಗೆ 'ನಲಿಕಲಿ' ಪದ್ಧತಿಯನ್ನು ರೂಪಿಸಿದರು. ನಮ್ಮಂಥ ಹಳ್ಳಿಗಳ ಮೇಷ್ಟ್ರು, ಟೀಚರುಗಳೇ ಕೂತು ಕಟ್ಟಿದ್ದು ಅದು. 2009-10ರಲ್ಲಿ ಸರಕಾರ ಅದನ್ನು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೇ ತರಗತಿಗಳಿಗೆ, ಮರುವರ್ಷ ಮೂರನೆಯದಕ್ಕೂ ವಿಸ್ತರಿಸಿತು. ಈ ಪದ್ಧತಿಯಲ್ಲಿ ಮಕ್ಕಳು ಸಾಲಾಗಿ ಕೂರುವುದಿಲ್ಲ, ಗುಂಪಾಗಿ ಕೂರುತ್ತಾರೆ. ಈ ಗುಂಪನ್ನು 'ತಟ್ಟೆ' ಅಂತ ಕರೀತಾರೆ. ಒಂದು ತಟ್ಟೆಯಲ್ಲಿ ಟೀಚರ್ ಜೊತೆಗಿದ್ದು ಕಲಿಸ್ತಾರೆ, ಇನ್ನೊಂದರಲ್ಲಿ ಗೆಳೆಯರು ಹೇಳಿಕೊಡ್ತಾರೆ, ಮತ್ತೊಂದರಲ್ಲಿ ಮಗು ತಾನೇ ಮಾಡುತ್ತದೆ. ಕಲಿಕೆಯನ್ನು ಏಣಿಯ ಮೆಟ್ಟಿಲುಗಳ ಹಾಗೆ ಜೋಡಿಸಿರುತ್ತಾರೆ. ಪ್ರತಿ ಮಗು ತನ್ನ ವೇಗದಲ್ಲಿ ಹತ್ತುತ್ತದೆ. 2021ರಲ್ಲಿ ಎನ್.ಸಿ.ಇ.ಆರ್.ಟಿ. ಸಿದ್ಧಪಡಿಸಿದ 'ವಿದ್ಯಾಪ್ರವೇಶ'ವೂ ಒಂದನೇ ತರಗತಿಗೆ ಮೂರು ತಿಂಗಳ ಆಟದ ಕಾರ್ಯಕ್ರಮವೇ. ಮಣ್ಣಿನಲ್ಲಿ ಗೆರೆ ಎಳೆಯುವುದು, ಬೀಜ ಎಣಿಸುವುದು, ಕತೆ ಕೇಳುವುದು, ಇವೆಲ್ಲ ಕೈಗೂ ಕಿವಿಗೂ ತಯಾರಿ. ಗದ್ದೆಯನ್ನು ಹದ ಮಾಡದೆ ನಾಟಿ ಮಾಡುತ್ತೇವೆಯೇ? ಇದೂ ಹಾಗೆಯೇ.

ಅವಸರ ಬೇಡ ಅಂದ ಮಾತ್ರಕ್ಕೆ ಅಸಡ್ಡೆ ಮಾಡಬಹುದು ಅಂತಲ್ಲ. ಸಂಘಕ್ಕೆ ಪಂಚಸೂತ್ರ ಇರುವ ಹಾಗೆ ಶಾಲೆಯ ಮೊದಲ ತಿಂಗಳಿಗೂ ಐದು ಸೂತ್ರ ಹೇಳುತ್ತೇವೆ. ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಒಂದನೆಯದು, ಸರಿಯಾದ ವಯಸ್ಸಿಗೆ ಸೇರಿಸುವುದು. ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂದು ರಾಜ್ಯ ಸರಕಾರ 2022ರಲ್ಲಿ ಆದೇಶ ಮಾಡಿತು. 2025-26ನೇ ಸಾಲಿಗೆ ಮಾತ್ರ ಸ್ವಲ್ಪ ಸಡಿಲಿಕೆ ಕೊಟ್ಟಿತ್ತು. ಸಂದೇಹ ಇದ್ದರೆ ಮುಖ್ಯಶಿಕ್ಷಕರ ಹತ್ತಿರ ಕೇಳಿ. ಒಂದು ವರ್ಷ ಉಳಿಯಿತು ಅಂತ ಸಣ್ಣ ಮಗುವನ್ನು ದೂಡಬೇಡಿ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಪ್ರಕಾರ 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ ಶಿಕ್ಷಣ ಹಕ್ಕು. ವಯಸ್ಸಿನ ದಾಖಲೆ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವಂತಿಲ್ಲ. ಕಾಫಿ ತೋಟಕ್ಕೆ, ಇಟ್ಟಿಗೆ ಗೂಡಿಗೆ, ಕಬ್ಬು ಕಡಿಯಲಿಕ್ಕೆ ಬಂದವರ ಮಕ್ಕಳಿಗೂ ಇದೇ ಕಾನೂನು. ನಿಮ್ಮ ಊರಿಗೆ ಅಂಥ ಕುಟುಂಬ ಬಂದಿದ್ದರೆ ಆ ತಾಯಿಗೆ ಈ ಮಾತನ್ನು ತಿಳಿಸಿ, ಶಾಲೆಗೆ ಜೊತೆಯಲ್ಲಿ ಹೋಗಿ.

ಎರಡನೆಯದು, ಮೊದಲ ತಿಂಗಳು ಒಂದು ದಿನವೂ ತಪ್ಪಿಸದಿರುವುದು. ಜೂನ್ ಅಂದರೆ ನಮಗೆ ಬಿತ್ತನೆ, ನಾಟಿ, ಮಳೆ. ತಮ್ಮನನ್ನು ನೋಡಿಕೊಳ್ಳಲಿಕ್ಕೆ, ದನ ಕಾಯಲಿಕ್ಕೆ, ಅಜ್ಜಿ ಮನೆಗೆ ಅಂತ ಮಗುವನ್ನು ನಿಲ್ಲಿಸಿಬಿಡ್ತೇವೆ. "ಒಂದನೇ ಕ್ಲಾಸು ತಾನೇ, ಏನು ಹೋಗುತ್ತೆ?" ಅಂತೇವೆ. ಹೋಗುವುದು ಬಹಳ ಇದೆ. ಮಕ್ಕಳು ಜೊತೆಗಾರರನ್ನು ಹುಡುಕಿಕೊಳ್ಳುವುದೇ ಆ ಮೊದಲ ವಾರಗಳಲ್ಲಿ. ಹದಿನೈದು ದಿನ ಬಿಟ್ಟು ಹೋದ ಮಗುವಿಗೆ ಹಾಡು ಗೊತ್ತಿರುವುದಿಲ್ಲ, ಆಟದ ನಿಯಮ ಗೊತ್ತಿರುವುದಿಲ್ಲ, ಪಕ್ಕದಲ್ಲಿ ಕೂರಲು ಗೆಳತಿ ಇರುವುದಿಲ್ಲ. ಅದು ಮೂಲೆಗೆ ಸರಿಯುತ್ತದೆ. ಸಂಘದ ಸಭೆಗೆ ನಾಲ್ಕು ವಾರ ಬರದೆ ಐದನೇ ವಾರ ಬಂದವರ ಮುಖ ಹೇಗಿರುತ್ತೆ ಅಂತ ನಮಗೆ ಗೊತ್ತಲ್ವಾ? ಜ್ವರ ಬಂದರೆ ರಜೆ ಹಾಕಲಿ, ಕೆಲಸಕ್ಕಾಗಿ ಬೇಡ.

ಮೂರನೆಯದು, ಹೆದರಿಸದಿರುವುದು. "ಇರು, ಶಾಲೆಗೆ ಹೋಗು, ಮೇಷ್ಟ್ರು ಸರಿಯಾಗಿ ಬಾರಿಸ್ತಾರೆ" ಈ ಮಾತು ಎಷ್ಟು ಮನೆಗಳಲ್ಲಿ ಕೇಳಿಸುತ್ತೆ! ಹಾಗಂದ ಮೇಲೆ ಮಗು ಶಾಲೆಗೆ ಖುಷಿಯಿಂದ ಯಾಕೆ ಹೋಗಬೇಕು? ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಂ ಮಗುವಿಗೆ ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. "ಚೆನ್ನಾಗಿ ಹೊಡೆದು ಬುದ್ಧಿ ಕಲಿಸಿ ಟೀಚರ್" ಅಂತ ಅನುಮತಿ ಕೊಡುವ ಹಕ್ಕು ತಾಯಿಗೂ ಇಲ್ಲ. ಮೊದಲ ದಿನಗಳಲ್ಲಿ ಮಗು ಅತ್ತರೆ ಅದು ಸಹಜ. ಕದ್ದು ಓಡಿ ಬರಬೇಡಿ. "ಊಟ ಆದ ಮೇಲೆ ಗಂಟೆ ಹೊಡೆಯುತ್ತೆ, ಆಗ ನಾನು ಗೇಟಿನ ಹತ್ತಿರ ಇರ್ತೇನೆ" ಅಂತ ಹೇಳಿ, ಹೇಳಿದ ಸಮಯಕ್ಕೆ ಸರಿಯಾಗಿ ನಿಂತಿರಿ. ತಾಯಿ ಮಾತು ಉಳಿಸಿಕೊಂಡರೆ ಮಗು ಮರುದಿನ ಧೈರ್ಯವಾಗಿ ಕೈ ಬಿಡುತ್ತದೆ.

ನಾಲ್ಕನೆಯದು, ಮಾತು. ನಮ್ಮ ಸಂಘಗಳಲ್ಲಿ ಕೊಂಕಣಿ, ತುಳು, ಲಂಬಾಣಿ, ತಮಿಳು, ಮಲಯಾಳಂ, ಉರ್ದು ಮನೆಮಾತಿನವರು ಬೇಕಾದಷ್ಟು ಜನ ಇದ್ದೀರಿ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಕನ್ನಡ. ಕೆಲವರು ಇಂಗ್ಲಿಷ್ ಶಾಲೆಗೆ ಕಳಿಸ್ತೀರಿ, ಅಲ್ಲೂ ಇದೇ ಕಷ್ಟ. ಒಂದಕ್ಕೆ ಹೋಗಬೇಕು ಅಂತ ಕೇಳಲಿಕ್ಕೆ ಮಾತು ಬಾರದೆ ಬಟ್ಟೆ ಒದ್ದೆ ಮಾಡಿಕೊಂಡ ಮಗು ಮರುದಿನ ಶಾಲೆಗೆ ಹೋಗುವುದಿಲ್ಲ ಅಂತ ಹಟ ಹಿಡಿದರೆ ನಾವು ಸೋಮಾರಿ ಅಂತ ಬೈತೇವೆ. ಅದು ಸೋಮಾರಿತನವಲ್ಲ, ನಾಚಿಕೆ. ಆದ್ದರಿಂದ ಶಾಲೆ ತೆರೆಯುವ ಮುಂಚೆಯೇ ಹತ್ತು ಮಾತು ಕಲಿಸಿ: ನೀರು ಬೇಕು, ಒಂದಕ್ಕೆ ಹೋಗಬೇಕು, ಹೊಟ್ಟೆ ನೋಯುತ್ತೆ, ನನಗೆ ತಿಳಿಯಲಿಲ್ಲ, ಅವನು ಹೊಡೆದ, ನನ್ನ ಹೆಸರು ಇಂಥದ್ದು, ನನ್ನ ಊರು ಇಂಥದ್ದು, ಹೀಗೆ. ಟೀಚರ ಹತ್ತಿರವೂ ಹೋಗಿ ನಮ್ಮ ಭಾಷೆಯಲ್ಲಿ ನೀರಿಗೆ ಏನಂತೇವೆ, ಹಸಿವಿಗೆ ಏನಂತೇವೆ ಅಂತ ತಿಳಿಸಿ. ಅವರಿಗೂ ಉಪಕಾರವಾಗುತ್ತದೆ. ಆದರೆ ಮನೆಯಲ್ಲಿ ಮನೆಮಾತನ್ನು ನಿಲ್ಲಿಸಬೇಡಿ. ತಾಯಿಯ ಭಾಷೆಯಲ್ಲಿ ಕತೆ ಕೇಳಿದ ಮಗುವಿಗೆ ಇನ್ನೊಂದು ಭಾಷೆ ಕಲಿಯುವುದು ಹಗುರ.

"ನಮಗೇ ಓದಲು ಬರೋದಿಲ್ಲ, ಮಗುವಿಗೆ ಏನು ಹೇಳಿಕೊಡೋದು?" ಅಂತ ಕೇಳುವ ಅಕ್ಕಂದಿರಿಗೂ ಒಂದು ಮಾತು. ಓದಲು ಬಾರದ ತಾಯಿಯೂ ಮಗುವನ್ನು ಕೇಳಬಹುದು, "ಇವತ್ತು ಯಾವ ಹಾಡು ಹೇಳಿದ್ರಿ? ನನಗೂ ಕಲಿಸು." ಅಕ್ಕಿ ಆರಿಸುವಾಗ ಕಲ್ಲು ಎಣಿಸಬಹುದು. ಸಂತೆಯ ಲೆಕ್ಕ ಬಾಯಲ್ಲೇ ಮಾಡಿಸಬಹುದು. ಸಹಿ ಕಲಿತ ದಿನ ನಿಮ್ಮ ಕೈ ಎಷ್ಟು ನಡುಗಿತ್ತು, ಪೆನ್ನು ಎಷ್ಟು ಭಾರವಾಗಿತ್ತು ಅಂತ ಮಗುವಿಗೆ ಹೇಳಿ. ಆ ಕಷ್ಟ ಗೊತ್ತಿರುವ ನೀವು ಮಗುವಿನ ಸೊಟ್ಟ ಗೆರೆ ನೋಡಿ ನಗುವುದಿಲ್ಲ ಅಂತ ನಮಗೆ ನಂಬಿಕೆ ಇದೆ.

ಐದನೆಯದು, ಖರ್ಚಿಗೆ ಮೊದಲೇ ಯೋಜನೆ. ಸರಕಾರಿ ಶಾಲೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ ಉಚಿತ. ಅಕ್ಷರ ದಾಸೋಹದ ಬಿಸಿಯೂಟ ನಮ್ಮ ರಾಜ್ಯದಲ್ಲಿ 2002ರಲ್ಲಿ ಶುರುವಾಯಿತು, ಕ್ಷೀರಭಾಗ್ಯದ ಹಾಲು 2013ರಲ್ಲಿ. ಆದರೂ ಚೀಲ, ಛತ್ರಿ, ನೋಟ್ ಪುಸ್ತಕ ಅಂತ ಖರ್ಚು ಇದ್ದೇ ಇರುತ್ತೆ. ಮೇ ತಿಂಗಳಲ್ಲಿ ಕೈ ಖಾಲಿಯಾಗಿ ನೂರಕ್ಕೆ ಐದು ರೂಪಾಯಿ ಬಡ್ಡಿಗೆ 3,000 ರೂಪಾಯಿ ತಂದರೆ ತಿಂಗಳಿಗೆ 150 ರೂಪಾಯಿ ಬಡ್ಡಿಯೇ ಆಯಿತು. ಹತ್ತು ತಿಂಗಳಿಗೆ 1,500. ಅಂದರೆ ಸಾಲದ ಅರ್ಧ. ಅದರ ಬದಲು ಈ ಜೂನ್‌ನಿಂದಲೇ ಸಂಘದಲ್ಲಿ ವಾರಕ್ಕೆ 20 ರೂಪಾಯಿ 'ಶಾಲಾ ಉಳಿತಾಯ' ಬೇರೆ ಕಟ್ಟಿ. 50 ವಾರಕ್ಕೆ 1,000 ರೂಪಾಯಿ ಕೈಯಲ್ಲಿರುತ್ತದೆ. ಸಾಲದೆ ಬಂದರೆ ಸಂಘದ ಆಂತರಿಕ ಸಾಲ ಇದೆ. ಒಂದನೇ ತರಗತಿಗೆ ಬೊಂಬೆ ಚಿತ್ರದ ದುಬಾರಿ ಚೀಲ ಬೇಡ. ಆ ದುಡ್ಡಿನಲ್ಲಿ ಮಳೆಗೆ ಒಳ್ಳೆ ಛತ್ರಿ ಕೊಡಿಸಿ.

ಇನ್ನೊಂದು ಮುಖ್ಯ ವಿಷಯ, ಮಗುವಿನ ಕಣ್ಣು ಮತ್ತು ಕಿವಿ. ಹಲಗೆ ಕಾಣಿಸದ ಮಗುವನ್ನು, ಟೀಚರ ಮಾತು ಕೇಳಿಸದ ಮಗುವನ್ನು ದಡ್ಡ ಅಂತ ಕರೆದುಬಿಡ್ತೇವೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರಕಾರಿ ಶಾಲೆಗಳಿಗೆ ಆರೋಗ್ಯ ತಂಡ ಬಂದು ಮಕ್ಕಳನ್ನು ಪರೀಕ್ಷಿಸುತ್ತದೆ. ಆ ದಿನ ಯಾವಾಗ ಅಂತ ವಿಚಾರಿಸಿ, ಮಗುವನ್ನು ತಪ್ಪದೆ ಕಳಿಸಿ. ಕಿವಿ ಸೋರುವುದು, ಪುಸ್ತಕವನ್ನು ಮೂಗಿನ ಹತ್ತಿರ ಹಿಡಿಯುವುದು ಕಂಡರೆ ಕಾಯಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ.

ಕೊನೆಗೆ ಸಂಘದ ಕೆಲಸ. ಶಾಲೆಯ ಎಸ್.ಡಿ.ಎಂ.ಸಿ.ಯಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಯರು ಇರಬೇಕು, ಅರ್ಧದಷ್ಟು ಮಹಿಳೆಯರು ಇರಬೇಕು ಎಂದು ಕಾಯಿದೆ ಹೇಳುತ್ತದೆ. ಆ ಕುರ್ಚಿಗಳಲ್ಲಿ ಕೂರಬೇಕಾದವರು ನೀವೇ. ಹೆಸರಿಗೆ ಸದಸ್ಯೆ, ಸಭೆಗೆ ಗಂಡ ಅನ್ನುವ ಪದ್ಧತಿ ಬೇಡ. ಸಂಘದಲ್ಲಿ ಠರಾವು ಬರೆದು ಅಭ್ಯಾಸ ಇರುವವರಿಗೆ ಶಾಲೆಯ ಸಭೆ ಕಷ್ಟವಲ್ಲ. ಶೌಚಾಲಯಕ್ಕೆ ಚಿಲಕ ಇದೆಯೇ, ನೀರು ಬರುತ್ತದೆಯೇ, ಒಂದನೇ ತರಗತಿಯ ಪುಟ್ಟ ಮಗುವಿಗೆ ನಲ್ಲಿ ಎಟುಕುತ್ತದೆಯೇ, ಇವನ್ನು ತಾಯಿಯ ಕಣ್ಣಿನಿಂದ ನೋಡಿ, ಕೇಳಿ. ಜಗಳಕ್ಕಲ್ಲ, ಜೊತೆ ಸೇರಿ ಸರಿಪಡಿಸಲಿಕ್ಕೆ. ಅಷ್ಟೊಂದು ಮಕ್ಕಳನ್ನು ಸಂಭಾಳಿಸುವ ಟೀಚರಿಗೂ ನಮ್ಮ ಬೆಂಬಲ ಬೇಕು.

ಆದ್ದರಿಂದ ಪ್ರತಿ ಸಂಘವೂ ಮುಂದಿನ ವಾರದ ನಡಾವಳಿ ಪುಸ್ತಕದಲ್ಲಿ ಮೂರು ತೀರ್ಮಾನ ಬರೆಯಬೇಕೆಂದು ಕೇಳಿಕೊಳ್ಳುತ್ತೇವೆ. ಒಂದು, ಈ ವರ್ಷ ಒಂದನೇ ತರಗತಿಗೆ ಸೇರುವ ನಮ್ಮ ಬೀದಿಯ ಮಕ್ಕಳ ಪಟ್ಟಿ, ಸದಸ್ಯೆಯರಲ್ಲದವರ ಮಕ್ಕಳೂ ಸೇರಿ. ಎರಡು, ಮೊದಲ ತಿಂಗಳು ಪ್ರತಿ ವಾರದ ಸಭೆಯಲ್ಲಿ ಆ ಪಟ್ಟಿ ಓದಿ ಯಾವ ಮಗು ತಪ್ಪಿಸಿತು, ಯಾಕೆ ಅಂತ ಕೇಳುವುದು, ಕೂಲಿಗೆ ಹೋಗುವ ತಾಯಿಯ ಮಗುವನ್ನು ಬಿಟ್ಟುಬರಲು ಸರದಿ ಹಾಕಿಕೊಳ್ಳುವುದು. ಮೂರು, ಶಾಲಾ ಉಳಿತಾಯ.

ಹತ್ತು ರೂಪಾಯಿ ಉಳಿಸಿ ಬ್ಯಾಂಕಿನ ಮೆಟ್ಟಿಲು ಹತ್ತಿದವರು ನೀವು. ನಿಮ್ಮ ಮಗು ಶಾಲೆಯ ಮೆಟ್ಟಿಲು ಹತ್ತುವಾಗ ಮೊದಲ ಒಂದು ತಿಂಗಳು ಕೈ ಹಿಡಿದುಕೊಳ್ಳಿ. ಮಕ್ಕಳನ್ನು ಹತ್ತಿರ ಕರೆದು ಪ್ರೀತಿಸಿದ ಯೇಸುಸ್ವಾಮಿ ನಮ್ಮೆಲ್ಲರ ಮಕ್ಕಳನ್ನೂ, ಅವರಿಗೆ ಕಲಿಸುವ ಗುರುಗಳನ್ನೂ ಆಶೀರ್ವದಿಸಲಿ.