ಹಳದಿ ದೀಪದ ಮಾತು

ಹೊಳಲ್ಕೆರೆಯಲ್ಲಿ ನೆಂಟರ ಮನೆಯ ಊಟ ಮುಗಿಸಿ, ಸಂಸಾರಸಮೇತ ಚಿತ್ರದುರ್ಗದ ದಾರಿ ಹಿಡಿದಿದ್ದೀರಿ ಎನ್ನಿ. ಹಿಂದಿನ ಸೀಟಿನಲ್ಲಿ ಮಕ್ಕಳು ತೂಕಡಿಸುತ್ತಿದ್ದಾರೆ. ಅಷ್ಟರಲ್ಲಿ ನಿಮ್ಮ ಮುಂದಿನ ಫಲಕದ ಮೇಲೆ ಎಂಜಿನ್ನಿನ ಆಕಾರದ ಒಂದು ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಗಾಡಿ ಎಂದಿನಂತೆಯೇ ಓಡುತ್ತಿದೆ; ಸದ್ದಿಲ್ಲ, ಹೊಗೆಯಿಲ್ಲ. ದೀಪ ಮಾತ್ರ ಆರುವುದಿಲ್ಲ. ಆಗ ಗೃಹಸ್ಥನ ಮನಸ್ಸಿಗೆ ಮೊದಲು ಬರುವುದು ಎಂಜಿನ್ನಿನ ಯೋಚನೆಯಲ್ಲ, ತಿಂಗಳ ಲೆಕ್ಕದ ಯೋಚನೆ. ಶಾಲೆಯ ಫೀಜು ಕಟ್ಟಬೇಕು, ಹಾಲಿನವನ ಬಾಕಿ ತೀರಿಸಬೇಕು. ಇದೊಂದು ಹೊಸ ಖರ್ಚು ಎಲ್ಲಿಂದ ಬಂತು?

ಈ ದೀಪದ ಭಾಷೆಯನ್ನು ಸ್ವಲ್ಪ ತಿಳಿದುಕೊಂಡರೆ ಆ ಖರ್ಚಿನಲ್ಲಿ ಬಹುಪಾಲನ್ನು ಉಳಿಸಬಹುದು ಎಂಬುದೇ ಇಂದಿನ ನನ್ನ ಮಾತು.

ಮೊದಲು ಬಣ್ಣವನ್ನು ನೋಡಿ. ಕೆಂಪು ದೀಪಕ್ಕೆ ವಾಯಿದೆ ಇಲ್ಲ. ಎಣ್ಣೆಗಿಂಡಿಯ ಆಕಾರದ ಕೆಂಪು ದೀಪ ಹೊತ್ತಿದರೆ ಎಂಜಿನ್ನಿನೊಳಗೆ ಎಣ್ಣೆಯ ಒತ್ತಡ ಬಿದ್ದಿದೆ ಎಂದರ್ಥ. ರಸ್ತೆಯ ಪಕ್ಕಕ್ಕೆ ಸರಿದು ಒಡನೆಯೇ ಎಂಜಿನ್ ನಿಲ್ಲಿಸಬೇಕು. ಉಷ್ಣಮಾಪಕದ ಆಕಾರದ ಕೆಂಪು ದೀಪಕ್ಕೂ ಇದೇ ನಿಯಮ. ಬೇಸಗೆಯ ಮಧ್ಯಾಹ್ನ ಮಾರಿಕಣಿವೆ ನೋಡಲು ಹಿರಿಯೂರಿನ ಕಡೆ ಹೊರಟವರು ಇದನ್ನು ನೆನಪಿಡಬೇಕು. ಎಂಜಿನ್ ಆರುವವರೆಗೆ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಬಾರದು; ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಹಳದಿ ದೀಪದ ಸ್ವಭಾವ ಬೇರೆ. ಅದು ಸ್ಥಿರವಾಗಿ ಉರಿಯುತ್ತಿದ್ದು, ಗಾಡಿಯ ಓಟದಲ್ಲಿ ವ್ಯತ್ಯಾಸ ಕಾಣದಿದ್ದರೆ, ನಿಧಾನವಾಗಿ ಮನೆ ಸೇರಬಹುದು. ಆದರೆ ಅದು ಮಿಟುಕುತ್ತಿದ್ದರೆ ಉದಾಸೀನ ಮಾಡಬೇಡಿ. ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲು ಉರಿಯದೆ ಹೊಗೆಕೊಳವೆಗೆ ಹೋಗಿ, ಅಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿಯುತ್ತಿರುತ್ತದೆ. ಹೊಗೆಯ ವಿಷವನ್ನು ಕಳೆಯುವ ಆ ಭಾಗದಲ್ಲಿ ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್‌ಗಳಂಥ ದುಬಾರಿ ಲೋಹಗಳಿವೆ. ನೂರರಲ್ಲಿ ಮುಗಿಯುವ ಕೆಲಸವನ್ನು ಹತ್ತಾರು ಸಾವಿರಕ್ಕೆ ಏರಿಸಿಕೊಳ್ಳುವ ದಾರಿ ಅದು.

ಈ ದೀಪ ಹುಟ್ಟಿದ್ದೇ ಹೊಗೆಯ ಕಾವಲಿಗಾಗಿ. ಅಮೆರಿಕದಲ್ಲಿ 1996ರಿಂದ ಹೊಸ ಕಾರುಗಳಿಗೆಲ್ಲ ಒಂದೇ ಬಗೆಯ ಸ್ವಯಂತಪಾಸಣೆಯ ಏರ್ಪಾಡು ಕಡ್ಡಾಯವಾಯಿತು. ನಮ್ಮ ದೇಶದಲ್ಲಿ ಅದು ಭಾರತ್ ಸ್ಟೇಜ್ ನಾಲ್ಕರ ಗಾಡಿಗಳೊಡನೆ ಬಂತು. ಆ ನಿಯಮ 2017ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ಅನ್ವಯವಾಯಿತು. 2020ರ ಏಪ್ರಿಲ್‌ನಲ್ಲಿ ಸ್ಟೇಜ್ ಆರು ಬಂತು. ನಿಮ್ಮ ಕಾರು ಈ ಕಾಲದ್ದಾದರೆ ಸ್ಟೀರಿಂಗಿನ ಕೆಳಗಡೆ, ಮೊಣಕಾಲಿನ ಹತ್ತಿರ, 16 ಸೂಜಿಗಳ ಒಂದು ಸಾಕೆಟ್ ಇರುತ್ತದೆ. ಎಂಜಿನ್ನಿನ ಗಣಕ ತನ್ನ ದೂರನ್ನು ಒಂದು ಸಂಕೇತದ ರೂಪದಲ್ಲಿ ಬರೆದಿಟ್ಟಿರುತ್ತದೆ. ಆ ಸಾಕೆಟ್ಟಿಗೆ ಸಿಕ್ಕಿಸುವ, ಮೊಬೈಲಿನೊಡನೆ ಮಾತಾಡುವ ಓದುಗ ಉಪಕರಣ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ದೊರೆಯುತ್ತದೆ. ಮನೆಗೊಂದು ಬೇಕಿಲ್ಲ, ಬೀದಿಯಲ್ಲಿ ನಾಲ್ಕು ಮನೆಯವರು ಸೇರಿ ಒಂದನ್ನು ಕೊಂಡರೆ ಸಾಕು.

ಆದರೆ ಸಂಕೇತವನ್ನು ಓದಿದ ಮಾತ್ರಕ್ಕೆ ರೋಗ ತಿಳಿದಂತಾಯಿತೆ? ಇಲ್ಲ. ಇದನ್ನು ನಾನು ಹಣ ಕೊಟ್ಟು ಕಲಿತೆ.

ನನ್ನದು ಎರಡನೆಯ ಕೈಯಿಂದ ಬಂದ ಕಾರು. ದೀಪ ಹೊತ್ತಿತು. ಒಂದು ಗ್ಯಾರೇಜಿನಲ್ಲಿ ನೋಡಿಸಿದೆ. ಪಿ 0171 ಎಂಬ ಸಂಕೇತ ಬಂತು. ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲು ಕಡಮೆ ಎಂದು ಅದರ ಅರ್ಥ. ಹೊಗೆಕೊಳವೆಯ ಆಮ್ಲಜನಕ ಸಂವೇದಕ ಕೆಟ್ಟಿದೆ ಎಂದು ಹೇಳಿ, ಅದನ್ನು ಬದಲಾಯಿಸಿದರು. ಕೆಲವು ಸಾವಿರ ಖರ್ಚಾಯಿತು. ದೀಪ ಆರಿತು. ವಾರ ಕಳೆಯುವುದರೊಳಗೆ, ಹೊಸದುರ್ಗದ ದಾರಿಯಲ್ಲಿ, ಮತ್ತೆ ಹೊತ್ತಿತು. ಈ ಸಲ ಬೇರೊಬ್ಬ ಮೇಸ್ತ್ರಿ ಬಾನೆಟ್ ತೆರೆದು, ಟಾರ್ಚು ಹಿಡಿದು, ರಬ್ಬರಿನ ಕೊಳವೆಗಳನ್ನೆಲ್ಲ ಬೆರಳಿನಿಂದ ಮಡಿಸಿ ನೋಡಿದರು. ಗಾಳಿಯ ಕೊಳವೆಯ ಕೆಳಮಗ್ಗುಲಲ್ಲಿ ಒಂದು ಸೀಳು! ಕೊಳವೆಯ ಬೆಲೆ ಹಿಂದಿನ ಬಿಲ್ಲಿನ ಹತ್ತನೆಯ ಒಂದು ಪಾಲೂ ಇರಲಿಲ್ಲ.

ದುರ್ಗದವರಿಗೆ ಇದನ್ನು ವಿವರಿಸುವುದು ಸುಲಭ. ಕೋಟೆಯ ಹೆಬ್ಬಾಗಿಲಿನಲ್ಲಿ ಎಷ್ಟು ಜನ ಕಾವಲಿದ್ದರೇನು, ಹೈದರನ ಸೈನಿಕರು ನುಸುಳಿದ್ದು ಓಬವ್ವ ಕಾದ ಆ ಸಣ್ಣ ಕಿಂಡಿಯಲ್ಲಿ. ನನ್ನ ಗಾಡಿಯಂಥವುಗಳಲ್ಲಿ ಒಳಬರುವ ಗಾಳಿಯನ್ನು ಅಳೆಯುವ ಸಾಧನವೊಂದು ಬಾಗಿಲಲ್ಲಿ ಕುಳಿತಿರುತ್ತದೆ. ಅದರ ಲೆಕ್ಕದಂತೆ ಪೆಟ್ರೋಲು ಸುರಿಯುತ್ತದೆ. ಅದರಾಚೆ ಕೊಳವೆ ಸೀಳಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಸೇರುತ್ತದೆ. ಹೊಗೆಯನ್ನು ಪರೀಕ್ಷಿಸುವ ಸಂವೇದಕ, 'ಇಲ್ಲಿ ಗಾಳಿ ಹೆಚ್ಚಾಗಿದೆ' ಎಂದು ನಿಜವನ್ನೇ ಹೇಳುತ್ತದೆ. ನಾವು ಮಾಡಿದ್ದೇನು? ಕಿಂಡಿಯನ್ನು ಹುಡುಕದೆ, ಸುದ್ದಿ ತಂದವನನ್ನೇ ಕೆಲಸದಿಂದ ತೆಗೆದೆವು. ಸಂಕೇತ ದೂರನ್ನು ಹೇಳುತ್ತದೆ. ಅಪರಾಧಿಯ ಹೆಸರನ್ನು ಹೇಳುವುದಿಲ್ಲ.

ಆದ್ದರಿಂದ ಕೈಬಿಗಿಯಿರುವವರು ಹಣ ಬೇಡದ ಕೆಲಸದಿಂದ ಪ್ರಾರಂಭಿಸಬೇಕು. ದೀಪ ಹೊತ್ತಿದಾಗ ಗಾಡಿ ಏರಿನಲ್ಲಿತ್ತೆ, ಆಗತಾನೆ ಪೆಟ್ರೋಲು ತುಂಬಿಸಿದ್ದಿರೆ, ಮಳೆ ಬಂದಿತ್ತೆ, ಇವನ್ನು ಒಂದು ಚೀಟಿಯಲ್ಲಿ ಬರೆಯಿರಿ. ಸಂಕೇತವನ್ನೂ ಬರೆದುಕೊಳ್ಳಿ, ಬರೆಯುವ ಮೊದಲು ಅಳಿಸಬೇಡಿ. ಅಳಿಸಿದರೆ ದೋಷ ಕಂಡ ಗಳಿಗೆಯಲ್ಲಿ ಗಣಕ ದಾಖಲಿಸಿದ ವೇಗ, ಉಷ್ಣತೆಗಳ ವಿವರವೂ ಹೋಗುತ್ತದೆ. ಬ್ಯಾಟರಿಯ ತಂತಿ ಕಳಚಿದರೂ ಇದೇ ಗತಿಯಾಗಬಹುದು.

ಬಳಿಕ ಎಂಜಿನ್ ನಿಲ್ಲಿಸಿ, ಆರಿದ ಮೇಲೆ, ಕಣ್ಣಿನಿಂದ ನೋಡಿ. ಪೆಟ್ರೋಲು ಟ್ಯಾಂಕಿನ ಮುಚ್ಚಳ ಸಡಿಲವಾಗಿದ್ದರೂ ಕೆಲವು ಗಾಡಿಗಳಲ್ಲಿ ದೀಪ ಹೊತ್ತುತ್ತದೆ. ಬ್ಯಾಟರಿಯ ತುದಿಗಳಿಗೆ ಹಸಿರು ಕಿಲುಬು ಹಿಡಿದಿದೆಯೆ? ಗಣಿಯ ಲಾರಿಗಳು ಓಡಾಡುವ ಭೀಮಸಮುದ್ರದ ಕಡೆಯಾಗಲಿ, ಹೊಸದುರ್ಗದ ಮಣ್ಣುದಾರಿಗಳಲ್ಲಾಗಲಿ ದಿನವೂ ತಿರುಗುವ ಗಾಡಿಗೆ ಗಾಳಿಶೋಧಕ ಪುಸ್ತಕದ ಅವಧಿಗಿಂತ ಮೊದಲೇ ಕಟ್ಟುತ್ತದೆ. ಇನ್ನು ಅಡಿಕೆ, ತೆಂಗಿನಕಾಯಿ ತುಂಬಿದ ಕೊಟ್ಟಿಗೆಯಲ್ಲಿ ಕಾರು ನಿಲ್ಲಿಸುವವರು ಇಲಿಯ ಹಲ್ಲಿನ ಗುರುತನ್ನು ಹುಡುಕಲೇಬೇಕು. ಕಡಿದ ಒಂದು ತಂತಿ ಒಳ್ಳೆಯ ಸಂವೇದಕವನ್ನು ಕೆಟ್ಟದ್ದೆಂದು ತೋರಿಸಬಲ್ಲದು.

ಇನ್ನೊಂದು ಉಪಾಯ. ಪಿ 0301 ಎಂದರೆ ಮೊದಲನೆಯ ಸಿಲಿಂಡರು ಸರಿಯಾಗಿ ಉರಿಯುತ್ತಿಲ್ಲ. ಸಿಲಿಂಡರಿಗೊಂದರಂತೆ ಕಾಯಿಲ್ ಇರುವ ಗಾಡಿಯಲ್ಲಿ, ಮೊದಲನೆಯದರ ಕಾಯಿಲನ್ನು ಎರಡನೆಯದಕ್ಕೂ ಎರಡನೆಯದನ್ನು ಮೊದಲನೆಯದಕ್ಕೂ ಮೇಸ್ತ್ರಿಯಿಂದ ಬದಲಾಯಿಸಿ ಹಾಕಿಸಿ. ಸಂಕೇತ ಪಿ 0302 ಎಂದು ಬದಲಾದರೆ ದೋಷ ಕಾಯಿಲಿನದು. ಹಾಗೆಯೇ ಉಳಿದರೆ ಸ್ಪಾರ್ಕ್ ಪ್ಲಗ್ಗನ್ನೋ ಇಂಜೆಕ್ಟರನ್ನೋ ನೋಡಬೇಕು. ಹೊಸ ಭಾಗ ಒಂದನ್ನೂ ಕೊಳ್ಳದೆ ಉತ್ತರ ಸಿಕ್ಕಿತು.

ಕೊನೆಯದಾಗಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಸಾಮಾನಿಗೆ ನಾವು ಸಾವಿರಗಟ್ಟಲೆ ಕೊಡುತ್ತೇವೆ. 'ಬರೀ ನೋಡಿದ್ದಕ್ಕೆ' ನೂರಿನ್ನೂರು ಕೇಳಿದರೆ ಮುಖ ಗಂಟಿಕ್ಕುತ್ತೇವೆ. ನೋಡಿದ್ದಕ್ಕೆ ಕೂಲಿ ಹುಟ್ಟದ ಮೇಲೆ ಮೇಸ್ತ್ರಿ ತಾನೆ ಏನು ಮಾಡಬೇಕು? ಸಾಮಾನು ಮಾರಿಯೇ ಅವನೂ ಮನೆ ನಡೆಸಬೇಕಾಗುತ್ತದೆ. ಅರ್ಧ ಗಂಟೆ ಬಗ್ಗಿ ಕೊಳವೆಗಳನ್ನು ತಡಕುವ ಕೆಲಸವೂ ವಿದ್ಯೆಯೇ. ಮುಂದಿನ ಸಲ ನಿಮ್ಮ ಚೀಟಿಯನ್ನು ಅವನ ಕೈಗಿತ್ತು ಹೀಗೆ ಹೇಳಿ: 'ಮೊದಲು ಕಾರಣ ಹುಡುಕಪ್ಪಾ, ಅದಕ್ಕೆ ನಿನ್ನ ಕೂಲಿ ಬೇರೆ ಕೊಡುತ್ತೇನೆ. ಸಾಮಾನಿನ ಮಾತು ಆಮೇಲೆ.' ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆದು, ಏಕೆ ಕೆಟ್ಟಿತೆಂದು ತೋರಿಸಿಕೊಳ್ಳಿ.

ಹಳದಿ ದೀಪಕ್ಕೆ ಹೆದರಬೇಕಿಲ್ಲ. ಅದರ ಮೇಲೆ ಕಾಗದ ಅಂಟಿಸಿ ಮರೆಮಾಡುವುದೂ ಸಲ್ಲದು. ಮನೆಯ ಮಗು ಅತ್ತರೆ ಒಡನೆಯೇ ಔಷಧ ಕುಡಿಸುತ್ತೇವೆಯೆ? ಹಸಿವೋ, ಇರುವೆ ಕಚ್ಚಿತೋ ಎಂದು ಮೊದಲು ನೋಡುತ್ತೇವಲ್ಲವೆ? ಅಷ್ಟೇ ತಾಳ್ಮೆಯನ್ನು ಗಾಡಿಗೂ ತೋರಿಸಿ. ಹಣ ಕೈಯಲ್ಲಿ ಉಳಿಯುತ್ತದೆ. ಹೊಳಲ್ಕೆರೆಯಿಂದ ಹೊರಟ ಸಂಸಾರ ನಿಶ್ಚಿಂತೆಯಿಂದ ಮನೆ ಸೇರುತ್ತದೆ.