ಚಿಯಾ ಕಾಳಿನ ಜಮಾ-ಖರ್ಚು
(ನಮ್ಮ ಸಂಘದ ಕೂಟದಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತನಿಗೂ ಆಹಾರ ವಿಚಾರಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. ನಾವು ವೈದ್ಯರಲ್ಲ, ಬಿ.ಕಾಂ. ಓದಿದವರು. ಜಮೆ ಎಷ್ಟು, ಖರ್ಚು ಎಷ್ಟು ಎಂದು ನೋಡುವುದಷ್ಟೇ ನಮ್ಮ ಕಸುಬು. ಆದರೂ ಕಳೆದ ವರ್ಷ ಮನೆಯಲ್ಲಿ ನಡೆದ ಒಂದು ಸಂಗತಿಯಿಂದಾಗಿ ಚಿಯಾ ಕಾಳಿನ ಲೆಕ್ಕವನ್ನು ನಾವು ತೆಗೆದು ನೋಡಲೇಬೇಕಾಯಿತು.

ನಮ್ಮ ತಂದೆಯವರಿಗೆ ಎಪ್ಪತ್ತೆರಡು ವರ್ಷ. ವಿಜಾಪುರದ ಕಡೆಯವರು. ಬಹುಕಾಲದಿಂದ ಸಕ್ಕರೆ ರೋಗವುಂಟು. ಮೊಬೈಲಿನಲ್ಲಿ ಯಾರೋ ಕಳುಹಿಸಿದ್ದನ್ನು ಓದಿ, ಬೆಳಿಗ್ಗೆ ಚಿಯಾ ನೆನೆಸಿದ ನೀರು ಕುಡಿಯತೊಡಗಿದರು. ಅದನ್ನು ಕಂಡು ನಮಗೆ ಸಂತೋಷವೇ ಆಯಿತು. ಬದಲಾಪುರದಿಂದ ಲೋಕಲ್ ಹಿಡಿಯುವವನಿಗೆ ಬೆಳಗಿನ ಹೊತ್ತು ಮನೆಯಲ್ಲಿ ಯಾರು ಏನು ನುಂಗಿದರು, ಏನು ಬಿಟ್ಟರು ಎಂದು ನೋಡುವ ವ್ಯವಧಾನವೆಲ್ಲಿ? ಮೂರು ವಾರ ಕಳೆದ ಮೇಲೆ ಅವರಿಗೆ ವಿಪರೀತ ಬಾಯಾರಿಕೆ, ನಿತ್ರಾಣ. ರಕ್ತ ಪರೀಕ್ಷೆ ಮಾಡಿಸಿದರೆ ಬರಿಹೊಟ್ಟೆಯಲ್ಲಿಯೇ ಸಕ್ಕರೆ 290! ಗುಳಿಗೆಯ ಡಬ್ಬಿ ತೆರೆದು ನೋಡಿದೆವು. ತುಂಬಿದ್ದು ತುಂಬಿದಂತೆಯೇ ಇತ್ತು. “ಕಾಳು ಕುಡದ್ರ ಗುಳಿಗಿ ಬ್ಯಾಡ ಅಂತ ಬರದಿದ್ರಪಾ” ಎಂದರು. ಅವರನ್ನು ಗದರಿಸುವ ಮುಖ ನಮಗಿರಲಿಲ್ಲ. ಆ ಕಾಳನ್ನು ತಂದುಕೊಟ್ಟವರು ನಾವೇ.

ಹಾಗೆಂದು ತಪ್ಪನ್ನು ಕಾಳಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಅದು ಪ್ರಾಚೀನವೂ ಮರ್ಯಾದಸ್ಥವೂ ಆದ ಧಾನ್ಯ. ಅದರ ತವರು ಮೆಕ್ಸಿಕೋ ಮತ್ತು ಗ್ವಾಟೆಮಾಲಾ. ಸ್ಪೇನಿನವರು 1521ರಲ್ಲಿ ಅಜ್ಟೆಕರ ರಾಜಧಾನಿಯನ್ನು ಗೆದ್ದುಕೊಂಡರಷ್ಟೆ. ಅದಾದ ಸುಮಾರು ಎರಡು ದಶಕಗಳ ನಂತರ ಸಿದ್ಧವಾದ ‘ಕೋಡೆಕ್ಸ್ ಮೆಂಡೋಸಾ’ ಎಂಬ ಚಿತ್ರಗ್ರಂಥದಲ್ಲಿ ಯಾವ ಯಾವ ಸೀಮೆ ಅಜ್ಟೆಕ್ ಅರಸನಿಗೆ ಏನೇನು ಕಪ್ಪ ಒಪ್ಪಿಸುತ್ತಿತ್ತೆಂಬ ಲೆಕ್ಕವಿದೆ. ಮೆಕ್ಕೆಜೋಳ, ಹುರುಳಿಕಾಯಿಯ ಜಾತಿಯ ಕಾಳು, ದಂಟಿನ ಬೀಜಗಳ ಸಾಲಿನಲ್ಲಿ ಚಿಯಾ ಕೂಡ ಉಂಟು. ಅಂದಿನ ಗುಮಾಸ್ತರೂ ಈ ಕಾಳನ್ನು ಖಾತೆಗೆ ಹಚ್ಚಿದ್ದರೆಂದು ತಿಳಿದು ನಮಗೆ ಒಳಗೊಳಗೇ ಹೆಮ್ಮೆಯಾಯಿತು. ಪರರ ಆಳ್ವಿಕೆಯಲ್ಲಿ ಅದರ ಬೇಸಾಯ ಕುಗ್ಗಿತು. 1753ರಲ್ಲಿ ಲಿನೀಯಸ್ ಪಂಡಿತನು ಇದಕ್ಕೆ ‘ಸಾಲ್ವಿಯಾ ಹಿಸ್ಪಾನಿಕಾ’, ಅಂದರೆ ಸ್ಪೇನಿನದು, ಎಂದು ಹೆಸರಿಟ್ಟನು. ಊರು ಬಿಟ್ಟು ಬಂದವರಿಗೆ ಊರಿನ ಹೆಸರು ತಪ್ಪಾಗಿ ಬೀಳುವುದು ನಮಗೇನು ಹೊಸದಲ್ಲ. ಈ ಕಡೆ ನಮ್ಮನ್ನೆಲ್ಲ ಒಟ್ಟಾಗಿ ‘ಮದ್ರಾಸಿ’ ಎಂದವರುಂಟಷ್ಟೆ! 1990ರ ದಶಕದಲ್ಲಿ ಅರ್ಜೆಂಟೀನಾ ಮೊದಲಾದೆಡೆ ಇದರ ಬೇಸಾಯ ಮತ್ತೆ ಚಿಗುರಿ, ಕಾಳು ಲೋಕವೆಲ್ಲ ಸುತ್ತತೊಡಗಿತು.

ನಮ್ಮ ನಾಡಿಗೆ ಅದು ಬಂದ ಬಗೆಯನ್ನು ಇಲ್ಲಿ ಹೇಳಲೇಬೇಕು. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು (ಸಿ.ಎಫ್.ಟಿ.ಆರ್.ಐ.) 2010ರ ದಶಕದಲ್ಲಿ ಚಿಯಾ ಬೀಜವನ್ನು ರೈತರಿಗೆ ಕೊಟ್ಟು ಬೆಳೆಸಲು ಪ್ರೋತ್ಸಾಹಿಸಿತು. ಮೈಸೂರು, ಚಾಮರಾಜನಗರ ಜಿಲ್ಲೆಗಳಲ್ಲಿ, ಹೆಗ್ಗಡದೇವನಕೋಟೆಯ ಹೊಲಗಳಲ್ಲಿ ಇದು ಬೆಳೆಯಿತು. ಹಗಲು ಮೊಟಕಾದಾಗ ಹೂ ಬಿಡುವ ಗಿಡವಾದುದರಿಂದ ಮಳೆಗಾಲ ಮುಗಿಯುವಾಗಿನ ಬಿತ್ತನೆ ಇದಕ್ಕೆ ಹೊಂದುತ್ತದೆ. ಎಲೆಯ ಘಾಟಿಗೆ ಕಾಡುಪ್ರಾಣಿಗಳು ಬಾಯಿ ಹಾಕುವುದಿಲ್ಲವೆಂದು ರೈತರು ಹೇಳುತ್ತಾರೆ. ಕಾಡಂಚಿನವರಿಗೆ ಅದೇ ದೊಡ್ಡ ಲಾಭ.

ಈಗ ಪೋಷಣೆಯ ಲೆಕ್ಕ. ನೂರು ಗ್ರಾಂ ಚಿಯಾದಲ್ಲಿ ಸುಮಾರು 34 ಗ್ರಾಂ ನಾರು, 16 ಗ್ರಾಂ ಪ್ರೋಟೀನು, 630 ಮಿಲಿಗ್ರಾಂ ಕ್ಯಾಲ್ಸಿಯಂ, 17 ಗ್ರಾಂಗೂ ಮಿಗಿಲಾಗಿ ಒಮೆಗಾ-3 ಕೊಬ್ಬು ಉಂಟು. ಜಾಹೀರಾತು ಹೇಳುವುದು ಇಷ್ಟನ್ನೇ. ಆದರೆ ನೂರು ಗ್ರಾಂ ತಿನ್ನುವವರು ಯಾರು? ನಾವು ತಿನ್ನುವುದು ಒಂದು ದೊಡ್ಡ ಚಮಚ, ಸುಮಾರು 12 ಗ್ರಾಂ. ಅದರಿಂದ ಬರುವ ಜಮೆ ನಾಲ್ಕು ಗ್ರಾಂ ನಾರು, ಎರಡು ಗ್ರಾಂ ಪ್ರೋಟೀನು, 75 ಮಿಲಿಗ್ರಾಂ ಕ್ಯಾಲ್ಸಿಯಂ. ನಾರು ಒಳ್ಳೆಯ ಜಮೆಯೇ, ಮಲಬದ್ಧತೆಗೆ ಹಿತ. ಕ್ಯಾಲ್ಸಿಯಂ ಬೇಕೆಂದರೆ ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ 364 ಮಿಲಿಗ್ರಾಂ ಇದೆಯೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕ ಹೇಳುತ್ತದೆ. ಒಂದು ಹೊತ್ತಿನ ಮುದ್ದೆಯ ಮುಂದೆ ಒಂದು ಚಮಚ ಚಿಯಾ ಏನು ಮಹಾ! ಇನ್ನು ಒಮೆಗಾ-3 ಎಂದರೆ, ನಮ್ಮ ಅಗಸೆಯಲ್ಲಿ ನೂರು ಗ್ರಾಂಗೆ 22 ಗ್ರಾಂಗೂ ಹೆಚ್ಚು. ನಮ್ಮ ತಾಯಿ ಊರಿನಿಂದ ತರುತ್ತಿದ್ದ ಅಗಸಿ ಹಿಂಡಿಯ ಡಬ್ಬಿ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಖಾಲಿಯಾಗಿ ಕುಳಿತಿತ್ತು. ಅದರ ಕೆಳಗೆಯೇ ನಾವು ತಂದ ಚಿಯಾ ಪೊಟ್ಟಣ. ಇಲ್ಲಿಯ ಕಿರಾಣಿ ಅಂಗಡಿಯಲ್ಲಿ ‘ಜವಸ’ ಎಂದು ಕೇಳಿದರೆ ಅಗಸೆ ಸಿಗುತ್ತದೆ, ಬೆಲೆಯೂ ಕಡಿಮೆ.

‘ಸಬ್ಜಾ’ ಎಂದು ಕೇಳಿದರೆ ಸಿಗುವುದು ಮಾತ್ರ ಚಿಯಾ ಅಲ್ಲ, ಕಾಮಕಸ್ತೂರಿ ಬೀಜ. ಎರಡೂ ತುಳಸಿಯ ಕುಟುಂಬಕ್ಕೇ ಸೇರಿದವು, ಎರಡೂ ನೀರಿನಲ್ಲಿ ಲೋಳೆ ಕಟ್ಟುತ್ತವೆ. ಸಬ್ಜಾ ಅಚ್ಚ ಕಪ್ಪು, ಕೆಲವೇ ನಿಮಿಷಗಳಲ್ಲಿ ಬಿಳಿ ಹೊದಿಕೆ ತಾಳುತ್ತದೆ; ಚಿಯಾ ನುಣುಪು, ಬೂದು-ಕಪ್ಪು ಚುಕ್ಕೆಯದು, ನೆನೆಯಲು ತಡ.

ತಿನ್ನುವ ಬಗೆ ಬಹಳ ಸುಲಭ. ಒಂದು ಚಮಚವನ್ನು ಲೋಟ ತುಂಬ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಮಜ್ಜಿಗೆಗೋ ರಾಗಿ ಅಂಬಲಿಗೋ ಬೆರೆಸಬಹುದು. ನಿಂಬೆಯ ಪಾನಕಕ್ಕೂ ಒಪ್ಪುತ್ತದೆ. ಮೆಕ್ಸಿಕೋದವರು ಇಂದಿಗೂ ಹಾಗೆಯೇ ಕುಡಿಯುತ್ತಾರೆ. ಒಣ ಕಾಳನ್ನು ಮಾತ್ರ ನುಂಗಬಾರದು. ಅದು ತನ್ನ ತೂಕದ ಹತ್ತು ಪಟ್ಟು ನೀರು ಹೀರಬಲ್ಲದು. ಅಮೆರಿಕದಲ್ಲಿ ಒಬ್ಬನು ಒಂದು ಚಮಚ ಒಣ ಚಿಯಾ ನುಂಗಿ ಮೇಲೆ ನೀರು ಕುಡಿದು, ಅದು ಅನ್ನನಾಳದಲ್ಲಿಯೇ ಉಬ್ಬಿ ಸಿಕ್ಕಿಕೊಂಡ ಪ್ರಸಂಗವನ್ನು 2014ರಲ್ಲಿ ಅಲ್ಲಿಯ ವೈದ್ಯರು ವರದಿ ಮಾಡಿದ್ದಾರೆ. ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಸಕ್ಕರೆ ರೋಗದವರಿಗೆ ನಾರು ಹಿತವೆಂಬುದು ನಿಜ. ಆದರೆ ವೈದ್ಯರು ಬರೆದುಕೊಟ್ಟ ಗುಳಿಗೆಯ ಕೆಲಸವನ್ನು ಅದು ಮಾಡಲಾರದು.

ತಂದೆಯವರು ಈಗ ಸುಧಾರಿಸಿದ್ದಾರೆ. ಬೆಳಿಗ್ಗೆ ಗುಳಿಗೆ ನಮ್ಮೆದುರಿಗೇ ಆಗಬೇಕು. ಅದಕ್ಕಾಗಿ ಒಂದು ಗಾಡಿ ತಪ್ಪಿದರೂ ಚಿಂತೆಯಿಲ್ಲವೆಂದು ನಿಶ್ಚಯಿಸಿದ್ದೇವೆ. ಚಿಯಾ ಪೊಟ್ಟಣವನ್ನು ಬಿಸಾಡಲಿಲ್ಲ, ಮಜ್ಜಿಗೆಗೆ ಹಾಕಿ ಮುಗಿಸಿದೆವು. ಮಧ್ಯಾಹ್ನ ಜೋಳದ ರೊಟ್ಟಿಗೆ ಅಗಸಿ ಹಿಂಡಿ ಹಚ್ಚಿಕೊಳ್ಳುತ್ತಾರೆ. ಉಪ್ಪು ಕಡಿಮೆಯಾಯಿತೆಂದು ಒಮ್ಮೊಮ್ಮೆ ಸಿಟ್ಟು ಮಾಡುತ್ತಾರೆ.