ಬೆಳ್ಳುಳ್ಳಿ, ಬ್ಯಾಕ್ಟೀರಿಯಾ ಮತ್ತು ನಾನು ಕಳಿಸಿದ ಒಂದು ಮೆಸೇಜು

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಅಂತ ನೀವು ಅಂದುಕೊಂಡಿರಬಹುದು. ನಾನು ಬೆಳ್ಳುಳ್ಳಿಯ ಬಗ್ಗೆ ಮಾತಾಡುತ್ತೇನೆ. ಅದಕ್ಕೆ ಕಾರಣ ನಾನು ಮಾಡಿದ ಒಂದು ತಪ್ಪು.

ಕೆಲವು ವರ್ಷಗಳ ಹಿಂದೆ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜು ಕಳಿಸಿದೆ. ‘ಆಂಟಿಬಯಾಟಿಕ್‌ಗೂ ಬಗ್ಗದ ಬ್ಯಾಕ್ಟೀರಿಯಾವನ್ನು ಬೆಳ್ಳುಳ್ಳಿ ಕೊಂದಿದೆ, ಇಂಗ್ಲೆಂಡಿನ ವಿಜ್ಞಾನಿಗಳೇ ಹೇಳಿದ್ದಾರೆ’ ಅಂತ. ನಾನೇ ಪೂರ್ತಿ ಓದಿರಲಿಲ್ಲ. ನಮ್ಮ ಚಿಕ್ಕಪ್ಪನಿಗೆ ಸಕ್ಕರೆ ಕಾಯಿಲೆ. ಗದ್ದೆಯಲ್ಲಿ ಮುಳ್ಳು ಚುಚ್ಚಿ ಕಾಲಿಗೆ ಗಾಯವಾಗಿತ್ತು. ‘ಇಂಜಿನಿಯರ್ ಓದಿದ ಹುಡುಗ ಹೇಳಿದಾನಲ್ಲ’ ಅಂತ ಬೆಳ್ಳುಳ್ಳಿ ಜಜ್ಜಿ ಹನ್ನೆರಡು ದಿನ ಕಟ್ಟಿದರು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಕಾಲಿನ ಎರಡು ಬೆರಳು ತೆಗೆಯಬೇಕಾಯಿತು. ಚಿಕ್ಕಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ. ಆಮೇಲೆ ಕೂತು ಓದಿದೆ.

ಮೆಸೇಜು ಪೂರ್ತಿ ಸುಳ್ಳಾಗಿರಲಿಲ್ಲ. ಬೆಳ್ಳುಳ್ಳಿ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ ಎಂಬುದು ಬಹಳ ಹಿಂದೆಯೇ ಗೊತ್ತಿತ್ತು. 1944ರಲ್ಲಿ ಅಮೆರಿಕದ ಕವಾಲಿಟೊ ಮತ್ತು ಬೇಯ್ಲಿ ಅದರೊಳಗಿನ ಅಲಿಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಇಡೀ ಎಸಳಿನಲ್ಲಿ ಅಲಿಸಿನ್ ಇರುವುದಿಲ್ಲ. ಜಜ್ಜಿದಾಗ ಅಲಿಯಿನ್ ಎಂಬ ವಸ್ತುವಿಗೆ ಒಂದು ಕಿಣ್ವ ತಾಗಿ ಅದು ಹುಟ್ಟುತ್ತದೆ. ಜಜ್ಜಿದ ಕೂಡಲೇ ಬರುವ ಘಾಟು ಅದರದ್ದೇ. ಗಂಧಕವಿರುವ ಈ ವಸ್ತು ಬ್ಯಾಕ್ಟೀರಿಯಾದ ಕಿಣ್ವಗಳಿಗೆ ಅಂಟಿಕೊಂಡು ಅವುಗಳ ಕೆಲಸ ಕೆಡಿಸುತ್ತದೆ.

ಇಂಗ್ಲೆಂಡಿನ ಸುದ್ದಿಯೂ ನಿಜ. 2015ರಲ್ಲಿ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಸುಮಾರು 1,000 ವರ್ಷ ಹಳೆಯ ಕಣ್ಣಿನ ಔಷಧಿಯೊಂದನ್ನು ಮಾಡಿ ನೋಡಿದರು. ಬೆಳ್ಳುಳ್ಳಿ, ಈರುಳ್ಳಿ ಜಾತಿಯ ಗಡ್ಡೆ, ವೈನು, ದನದ ಪಿತ್ತರಸ ಸೇರಿಸಿ 9 ದಿನ ಇಟ್ಟರು. ಅದು ಪ್ರಯೋಗಾಲಯದಲ್ಲಿ ಎಂಆರ್‌ಎಸ್‌ಎ ಎಂಬ ಹಟಮಾರಿ ಬ್ಯಾಕ್ಟೀರಿಯಾವನ್ನು ಕೊಂದಿತು. ಆದರೆ ಗಾಯದಲ್ಲಿ ಬ್ಯಾಕ್ಟೀರಿಯಾಗಳು ಲೋಳೆಯ ಪದರ ಕಟ್ಟಿಕೊಂಡು ಗುಂಪಾಗಿ ಕೂರುತ್ತವೆ. ಆ ಪದರದ ಮುಂದೆ ಬೆಳ್ಳುಳ್ಳಿ ಒಂದೇ ಸಾಲದು, ಎಲ್ಲ ವಸ್ತುಗಳೂ ಸೇರಬೇಕು ಎಂದು 2020ರಲ್ಲಿ ಅದೇ ಔಷಧಿಯ ಮೇಲೆ ನಡೆದ ಅಧ್ಯಯನ ತೋರಿಸಿತು. ನನ್ನ ಮೆಸೇಜಿನಲ್ಲಿ ‘ಬೆಳ್ಳುಳ್ಳಿ’ ಒಂದೇ ಉಳಿದಿತ್ತು.

ನಮ್ಮ ಕೆಲಸದಲ್ಲಿ ಒಂದು ಅನುಭವವಿದೆ. ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡಿದ ಪ್ರೋಗ್ರಾಂ ಗ್ರಾಹಕರ ಹತ್ತಿರ ನಿಂತುಹೋಗುತ್ತದೆ. ಗಾಜಿನ ತಟ್ಟೆಗೂ ದೇಹಕ್ಕೂ ಅಷ್ಟೇ ವ್ಯತ್ಯಾಸ. ಅಲಿಸಿನ್ ಬಹಳ ಬೇಗ ಬೇರೆ ವಸ್ತುವಾಗಿ ಬದಲಾಗುತ್ತದೆ. ಹಸಿ ಬೆಳ್ಳುಳ್ಳಿ ತಿಂದವರ ರಕ್ತದಲ್ಲಿ ಹುಡುಕಿದರೂ ಅದು ಸಿಕ್ಕಿಲ್ಲ. ಬೇಯಿಸಿದರೆ ಅದನ್ನು ಹುಟ್ಟಿಸುವ ಕಿಣ್ವವೇ ಕೆಡುತ್ತದೆ. ಜಜ್ಜಿ ಚರ್ಮಕ್ಕೆ ಕಟ್ಟಿದರೆ ಸುಟ್ಟಂತೆ ಬೊಬ್ಬೆ ಏಳುವುದೂ ಉಂಟು. ಸಕ್ಕರೆ ಕಾಯಿಲೆಯವರ ಕಾಲಿನ ನರ ಮಂಕಾಗಿದ್ದರೆ ಆ ಉರಿಯೂ ಗೊತ್ತಾಗುವುದಿಲ್ಲ.

ಇದೇ ಶಾಲೆಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಪ್ರಯೋಗದ ಪುಸ್ತಕದಲ್ಲಿ ಉದ್ದೇಶ, ವಿಧಾನ, ವೀಕ್ಷಣೆ, ತೀರ್ಮಾನ ಎಂದು ಬರೆಸುತ್ತಿದ್ದರು. ವೀಕ್ಷಣೆಯಲ್ಲಿ ಇಲ್ಲದ್ದನ್ನು ತೀರ್ಮಾನದಲ್ಲಿ ಬರೆದರೆ ಕೆಂಪು ಗೆರೆ ಬೀಳುತ್ತಿತ್ತು. ನನ್ನ ಮೆಸೇಜಿಗೆ ಆ ಕೆಂಪು ಗೆರೆ ಬೀಳಬೇಕಿತ್ತು ಸರ್.

ತಾಯಂದಿರೇ, ಒಗ್ಗರಣೆಗೆ, ಚಟ್ನಿಗೆ ಬೆಳ್ಳುಳ್ಳಿ ಧಾರಾಳವಾಗಿ ಹಾಕಿ. ಗಾಯವಾದರೆ ಮಾತ್ರ ಸೋಪು, ಶುದ್ಧ ನೀರಿನಿಂದ ತೊಳೆದು ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇದ್ದರೆ ಅದೇ ದಿನ ಹೋಗಿ. ಮಕ್ಕಳೇ, ಮನೆಯಲ್ಲಿ ಓದಿದವರು ನೀವು. ನಿಮ್ಮ ಮಾತನ್ನು ಹಿರಿಯರು ನಂಬುತ್ತಾರೆ. ಪೂರ್ತಿ ಓದಿ ಆಮೇಲೆ ಕಳಿಸಿ.

ಚಿಕ್ಕಪ್ಪ ಇವತ್ತು ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಇದನ್ನು ಹೇಳಲು ಅವರ ಒಪ್ಪಿಗೆ ಕೇಳಿದ್ದೆ. ‘ಹೇಳಪ್ಪ, ನಾಲ್ಕು ಜನಕ್ಕೆ ಗೊತ್ತಾಗಲಿ’ ಅಂದರು.